ಮಂಚದ ಕೆಳಗಿನ ಮಾಟದ ಪುಸ್ತಕಗಳು

ಕೋಲಾರದ ಬಸ್ ಸ್ಟ್ಯಾಂಡಿನ ಎದುರಿನ ಪುಸ್ತಕದಂಗಡಿಯಲ್ಲಿ ನಿಂತು, ಪರಿಚಯದವರು ಯಾರೂ ಇಲ್ಲ ಎಂದು ಎರಡು ಸಲ ತಿರುಗಿ ನೋಡಿಕೊಂಡು, "ಮಾಟಗಾತಿಯರ ಬಗ್ಗೆ ಪುಸ್ತಕ ಇದೆಯಾ?" ಎಂದು ಕೇಳಿದೆ. ಅಂಗಡಿಯವರು ನನ್ನ ಮುಖ ನೋಡಲಿಲ್ಲ, ಕತ್ತಿನ ತಾಳಿ ನೋಡಿದರು. ಅದಿನ್ನೂ ಹೊಸದು. ಆಮೇಲೆ ಗಲ್ಲಾಪೆಟ್ಟಿಗೆಯ ಮೇಲೆ ಬಗ್ಗಿ, ದನಿ ತಗ್ಗಿಸಿ ಕೇಳಿದರು.

"ಅತ್ತೆಗಾ, ಗಂಡನಿಗಾ?"

"ಓದೋಕೆ ಸಾರ್."

"ಎಲ್ಲಾರೂ ಓದಕ್ಕೇ ತಗೊಂಡೋಗೋದು ಬಿಡಮ್ಮಾ," ಎನ್ನುತ್ತಾ ವ್ರತಕಥೆ, ಪಂಚಾಂಗಗಳ ಹಿಂದಿನಿಂದ ಕೆಂಪು ರಟ್ಟಿನ ತೆಳು ಪುಸ್ತಕವೊಂದನ್ನು ಎಳೆದು ಮುಂದಿಟ್ಟರು. ಮೇಲೆ ನಿಂಬೆಹಣ್ಣು, ತಲೆಬುರುಡೆ, ದಪ್ಪ ಮೀಸೆಯ ಮಂತ್ರವಾದಿ. ಇಪ್ಪತ್ತೊಂದು ದಿನದಲ್ಲಿ ಯಾರನ್ನು ಬೇಕಾದರೂ ವಶ ಮಾಡಿಕೊಳ್ಳುವ ವಿಧಾನವಂತೆ. ನಾನು ಬೇಡ ಎಂದು, ವಿಕ್ಕಾ, ಪೇಗನ್, ಇಂಗ್ಲೆಂಡು, ಹುಣ್ಣಿಮೆ, ಪ್ರಕೃತಿ ಆರಾಧನೆ ಎಂದೆಲ್ಲ ಶಾಲೆಯಲ್ಲಿ ಪಾಠ ಮಾಡುವ ಧಾಟಿಯಲ್ಲಿ ವಿವರಿಸಿದೆ. ಅವರು ಪಾಪ, ಪೂರ್ತಿ ಕೇಳಿಸಿಕೊಂಡರು.

"ಅದಕ್ಕೂ ಇದೇ ಆಯ್ತದೆ," ಎಂದರು.

ನಗು ತಡೆಯಲಾರದೆ ಅಲ್ಲೇ ಕೆಮ್ಮಿದೆ. ಆದರೆ ಒಳಗೊಳಗೇ ನಾಚಿಕೆಯೂ ಆಯಿತು, ಏಕೆಂದರೆ ಅವರ ಊಹೆ ಸರಿಯಾಗಿಯೇ ಇತ್ತು. ಅತ್ತೆಗೇ.

ಇದು ಹೇಗಾಯಿತು ಎಂದು ಹೇಳಬೇಕಾದರೆ ನನ್ನ ಧಿಮಾಕಿನಿಂದಲೇ ಶುರು ಮಾಡಬೇಕು. ನಾನು ಮಾಲೂರಿನವಳು, ಮುಳಬಾಗಿಲಿನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ಮದುವೆಯಾಗಿ ಬೈರಕೂರಿಗೆ ಬಂದೆ. ಮನೆಯಲ್ಲಿ ಟೊಮೆಟೊ ಬೆಳೆಯುವ, ನಾಲ್ಕು ಸಾಲು ಮಾವಿನ ಮರ ನೋಡಿಕೊಳ್ಳುವ ಗಂಡ, ಅತ್ತೆ, ಒಂದು ಸೀಮೆಹಸು. ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು. ಅತ್ತೆ ಸುತ್ತಮುತ್ತಲ ಹಳ್ಳಿಗಳಲ್ಲೆಲ್ಲ ದೃಷ್ಟಿ ತೆಗೆಯುವುದಕ್ಕೆ ಹೆಸರುವಾಸಿ. ಮಗು ಹಾಲು ಕುಡಿಯದಿದ್ದರೆ, ಹಸು ಕರುವನ್ನು ಹತ್ತಿರ ಸೇರಿಸದಿದ್ದರೆ, ಹೊಸ ಟ್ರ್ಯಾಕ್ಟರು ಎರಡು ಸಲ ಪಂಕ್ಚರ್ ಆದರೆ ಜನ ನಮ್ಮ ಬಾಗಿಲಿಗೆ ಬರುತ್ತಿದ್ದರು. ಅತ್ತೆ ಒಂದು ಪೈಸೆ ಮುಟ್ಟುತ್ತಿರಲಿಲ್ಲ.

ನಾನು ಮದುಮಗಳಾಗಿ ಹೊಸ್ತಿಲಲ್ಲಿ ನಿಂತ ದಿನ, ಆರತಿಯಾದ ಮೇಲೆ ಅತ್ತೆ ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ, ಸಾಸಿವೆ ಹಿಡಿದುಕೊಂಡು ಮುಂದೆ ಬಂದರು. ಬಿ.ಎಡ್ ಮುಗಿಸಿದ ಬಿಸಿ ಇನ್ನೂ ಆರಿರದ ನಾನು ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ನೆಂಟರೆಲ್ಲ ಕೇಳುವಂತೆ ಹೇಳಿಬಿಟ್ಟೆ. "ಮೆಣಸಿನಕಾಯಿ ಸುಟ್ರೆ ಕೆಮ್ಮು ಬರುತ್ತೆ ಅತ್ತೆ. ಅದಕ್ಕೆ ದೃಷ್ಟಿ ಯಾಕೆ, ವಿಜ್ಞಾನ ಸಾಕು!"

ಒಂದಿಬ್ಬರು ಕಿಸಕ್ಕೆಂದರು. ಅತ್ತೆ ಆ ಮುಷ್ಟಿಯನ್ನು ಹಾಗೇ ಸೆರಗಿನೊಳಗೆ ಮುಚ್ಚಿಕೊಂಡು ಒಳಗೆ ಹೋದರು. ಅವತ್ತಿನಿಂದ ಎಂಟು ತಿಂಗಳು ಅವರು ನನ್ನ ಜೊತೆ ನೇರವಾಗಿ ಒಂದು ಮಾತೂ ಆಡಲಿಲ್ಲ.

ಜಗಳವೇನಿಲ್ಲ. ಬಿಸಿ ಮುದ್ದೆ ನನ್ನ ತಟ್ಟೆಗೇ ಮೊದಲು ಬೀಳುತ್ತಿತ್ತು. ಒಣಗಿದ ನನ್ನ ಸೀರೆಗಳನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿಡುತ್ತಿದ್ದರು. ಮಾತು ಮಾತ್ರ ಮಗನ ಮೂಲಕ. ನಾನು ಅವರಿಬ್ಬರ ನಡುವೆಯೇ ಕಂಬದ ಹಾಗೆ ನಿಂತಿದ್ದರೂ, "ಲೇ, ನಿನ್ನೆಂಡ್ತಿಗೆ ಹೇಳು, ಬಸ್ಸಿಗೆ ಹೊತ್ತಾಯ್ತು," ಎನ್ನುವರು. ಇವರು ತಿರುಗಿ, "ಬಸ್ಸಿಗೆ ಹೊತ್ತಾಯ್ತಂತೆ ಕಣೇ," ಎನ್ನುವರು. ಇವರು ತೋಟಕ್ಕೆ ಹೋದ ಮೇಲೆ ಆ ಕೆಲಸ ಹಸುವಿನ ಪಾಲಿಗೆ ಬರುತ್ತಿತ್ತು.

"ನೋಡಮ್ಮಾ," ಎಂದು ಅತ್ತೆ ಹಸುವಿನ ಬೆನ್ನು ತಟ್ಟುತ್ತಾ ಶುರು ಮಾಡುವರು, "ಟೀಚರಮ್ಮೋರು ಇವತ್ತು ಸಾರಿಗೆ ಉಪ್ಪು ಸುರ್ದವ್ರೆ. ಬಾಯಿಗಿಟ್ರೆ ಸಮುದ್ರ ಕುಡಿದಂಗಾಯ್ತದೆ."

"ನಾಳೆ ಕಮ್ಮಿ ಹಾಕ್ತೀನಿ ಅತ್ತೆ," ಎಂದು ನಾನು ಅಡುಗೆಮನೆಯಿಂದಲೇ ಕೂಗುವೆ. ಹಸು ಮಾತ್ರ ಎಲ್ಲ ಗೊತ್ತಿರುವಂತೆ ಮೆಲುಕು ಹಾಕುತ್ತಿತ್ತು.

ಮೊದಮೊದಲು ಗೆಳತಿಯರಿಗೆ ಫೋನಿನಲ್ಲಿ ಇದನ್ನೆಲ್ಲ ಅಭಿನಯಿಸಿ ತೋರಿಸಿ ನಗಿಸುತ್ತಿದ್ದೆ. ಬೇಸಿಗೆ ಬರುವಷ್ಟರಲ್ಲಿ ನಗು ಮುಗಿದಿತ್ತು. ಅತ್ತೆ ಬೀದಿಯ ಹೆಣ್ಣುಮಕ್ಕಳನ್ನೆಲ್ಲ "ಲೇ, ಬಾರೇ ಇಲ್ಲಿ" ಎಂದು ಕರೆದು ಜಡೆ ಹಾಕುವುದನ್ನು ನೋಡುತ್ತಾ, ಆ "ಲೇ" ನನಗೂ ಒಂದು ಸಲ ಸಿಗಬಾರದೇ ಎಂದು ಹೊಟ್ಟೆ ಉರಿಯುತ್ತಿತ್ತು. ಕ್ಷಮಿಸಿ ಎನ್ನಲು ಬಾಯಿ ಬರುತ್ತಿರಲಿಲ್ಲ. ಇಂಗ್ಲಿಷ್ ವ್ಯಾಕರಣ ಅಷ್ಟೂ ಬಾಯಿಗೆ ಬರುತ್ತಿತ್ತು, ಅದೊಂದು ಬರುತ್ತಿರಲಿಲ್ಲ.

ಬೇಸಿಗೆ ರಜೆಯಲ್ಲಿ ಒಂದು ಮಧ್ಯಾಹ್ನ ಫೋನಿನಲ್ಲಿ ಏನೋ ನೋಡುತ್ತಾ ಬೇರೆಲ್ಲಿಗೋ ಹೋಗಿಬಿಟ್ಟೆ. ಕಪ್ಪು ಬಟ್ಟೆ ತೊಟ್ಟ ಬಿಳಿ ಹುಡುಗಿಯೊಬ್ಬಳು ಮೇಣದ ಬತ್ತಿ ಹಚ್ಚಿ, ಉಪ್ಪಿನಿಂದ ನೆಲದ ಮೇಲೆ ವೃತ್ತ ಬರೆದು, ಯಾವುದೋ ಎಲೆ ಸುಟ್ಟು ಹೊಗೆ ಹಾಕುತ್ತಿದ್ದಳು. ತಾನು ವಿಚ್, ಅಂದರೆ ಮಾಟಗಾತಿ, ಎಂದು ಎಷ್ಟು ಹೆಮ್ಮೆಯಿಂದ ಹೇಳಿಕೊಂಡಳು! ಚಂದ್ರನಂತೆ, ದೇವಿಯಂತೆ, ಭೂಮಿಯಂತೆ. ಎಷ್ಟು ಆಳ, ಎಷ್ಟು ಸೊಗಸು ಎಂದು ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಅದೇ ಹೊತ್ತಿಗೆ ಕಿಟಕಿಯಾಚೆ ಅತ್ತೆ ಯಾರದೋ ಕೂಸಿಗೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರುತ್ತದೆ ಎಂದು ನಾನು ಎದ್ದು ಕಿಟಕಿ ಮುಚ್ಚಿ, ಮತ್ತೆ ಬಂದು ಆ ಹುಡುಗಿಯ ಹೊಗೆ ನೋಡತೊಡಗಿದೆ.

ಅದೇ ಗುಂಗಿನಲ್ಲಿ ಮೊದಲನೇ ಪುಸ್ತಕ ಆನ್‌ಲೈನಿನಲ್ಲಿ ತರಿಸಿದೆ. ಕಪ್ಪು ರಟ್ಟು, ಚಿನ್ನದ ಅಕ್ಷರ, ನಡುವೆ ಹಸಿರು ಕಣ್ಣಿನ ಬೆಕ್ಕು. ಅದರಲ್ಲಿ ಇಲ್ಲದ್ದೇ ಇಲ್ಲ. ಪ್ರೀತಿಗೆ ಒಂದು ವಿಧಿ, ಕೆಲಸಕ್ಕೆ ಒಂದು, ಕಳೆದ ಉಂಗುರಕ್ಕೆ ಒಂದು, ಏಳು ದಿನದಲ್ಲಿ ಫಲ. ಇದೆಲ್ಲ ಸಾವಿರಾರು ವರ್ಷದಿಂದ ಎಲ್ಲೂ ಕಡಿಯದೆ ಬಂದ ವಿದ್ಯೆ ಎಂದು ಮೂರು ಪುಟಕ್ಕೊಮ್ಮೆ ಹೇಳುತ್ತಿತ್ತು. ಯಾರಿಂದ ಬಂತು, ಎಲ್ಲಿಂದ ಬಂತು ಎಂದು ಎಲ್ಲೂ ಹೇಳಿರಲಿಲ್ಲ. ನಾನೂ ಕೇಳಲಿಲ್ಲ. ನನ್ನ ಕಣ್ಣು ಬಿದ್ದದ್ದು ಒಂದೇ ಪುಟದ ಮೇಲೆ: ಮುನಿಸಿಕೊಂಡವರ ಹೆಸರನ್ನು ಚೀಟಿಯಲ್ಲಿ ಮೂರು ಸಲ ಬರೆದು, ಜೇನುತುಪ್ಪದ ಸೀಸೆಯಲ್ಲಿ ಮುಳುಗಿಸಿ, ಯಾರಿಗೂ ಕಾಣದಂತೆ ಬಚ್ಚಿಟ್ಟರೆ ಅವರ ಮನಸ್ಸು ಸಿಹಿಯಾಗುತ್ತದೆ.

ಮುಳಬಾಗಿಲಿನ ಅಂಗಡಿಯಿಂದ ಜೇನುತುಪ್ಪ ತಂದೆ. ಅತ್ತೆಯ ಹೆಸರನ್ನು ಕನ್ನಡದಲ್ಲೇ, ದುಂಡಗೆ, ಮೂರು ಸಲ ಬರೆದೆ. ಸೀಸೆಯನ್ನು ಮಂಚದ ಕೆಳಗಿನ ಟ್ರಂಕಿನ ಹಿಂದೆ ಇಟ್ಟೆ. ಯಾರದೋ ಹೆಸರು ಬರೆದು ಸೀಸೆಯಲ್ಲಿ ಹಾಕಿ ಮನೆಯೊಳಗೆ ಬಚ್ಚಿಟ್ಟರೆ ಅದಕ್ಕೆ ಏನನ್ನುತ್ತಾರೆ ಎಂದು ಬೈರಕೂರಿನ ಒಂದನೇ ಕ್ಲಾಸಿನ ಮಗುವನ್ನು ಕೇಳಿದರೂ ಹೇಳುತ್ತದೆ. ಎರಡು ಡಿಗ್ರಿಯ ನನಗೆ ಹೊಳೆಯಲಿಲ್ಲ. ಇಂಗ್ಲಿಷಿನಲ್ಲಿತ್ತಲ್ಲ!

ಏಳು ದಿನವಾಯಿತು. ಹತ್ತು ದಿನವಾಯಿತು. ಅತ್ತೆ ಹಸುವಿಗೆ ಹೇಳಿದರು, "ಟೀಚರಮ್ಮೋರ ರೂಮಲ್ಲಿ ಇರುವೆ ಸಾಲು ಹಿಡಿದೈತೆ. ಏನು ತಿಂತಾರೋ ಏನೋ ಬಾಗಿಲಾಕ್ಕೊಂಡು."

ಪುಸ್ತಕ ಸರಿಯಿಲ್ಲ, ಒಳ್ಳೆಯ ಪುಸ್ತಕ ಬೇಕು ಎಂದು ತೀರ್ಮಾನಿಸಿದೆ. ಆ ಹಟದಲ್ಲಿಯೇ ಕೋಲಾರದ ಆ ಅಂಗಡಿಗೆ ಹೋಗಿದ್ದು. ಮೀಸೆಯ ಮಂತ್ರವಾದಿಯನ್ನು ಬಿಟ್ಟು, ಮೂಲೆಯಲ್ಲಿ ಸೆಣಬಿನ ಹುರಿಯಿಂದ ಕಟ್ಟಿಟ್ಟಿದ್ದ ಹಳೇ ಪುಸ್ತಕಗಳ ಕಟ್ಟು ಬಿಚ್ಚಲೇ ಎಂದು ಕೇಳಿದೆ. ಗೈಡುಗಳು, ಲೆಕ್ಕಶಾಸ್ತ್ರ, ಒಂದು ಪ್ರಸೂತಿ ಪುಸ್ತಕ, ಅದರಡಿಯಲ್ಲಿ ಇಟ್ಟಿಗೆಯಷ್ಟು ದಪ್ಪದ ಇಂಗ್ಲಿಷ್ ಪುಸ್ತಕ. ಯಾರೋ ಪ್ರೊಫೆಸರು ಬರೆದ ವಿಚ್‌ಗಳ ಚರಿತ್ರೆ. ಕುಣಿದಾಡುವಷ್ಟು ಖುಷಿಯಾಯಿತು. ಅಂಗಡಿಯವರು ಅದನ್ನು ಕೈಯಲ್ಲಿ ತೂಗಿ ನೋಡಿ, "ಇದು ಕೆಲಸ ಮಾಡೋ ಹೊತ್ತಿಗೆ ನಿಮ್ಮತ್ತೆಗೆ ವಯಸ್ಸಾಗೋಯ್ತದೆ," ಎಂದರು.

ಬಸ್ಸಿನಲ್ಲಿ ಓದಿದ್ದೇ ಹೆಚ್ಚು. ಓದುತ್ತಾ ಓದುತ್ತಾ ಬೆಕ್ಕಿನ ಪುಸ್ತಕದ ಗಾಳಿ ಪುಸಪುಸನೆ ಇಳಿಯಿತು. ವಿಕ್ಕಾ ಎನ್ನುವ ಈ ವಿಚ್‌ಗಳ ಪಂಥ ಸಾವಿರಾರು ವರ್ಷದಿಂದ ಹಾಗೇ ಬಂದದ್ದಲ್ಲ, ಕಳೆದ ಶತಮಾನದ ನಡುವೆ ಇಂಗ್ಲೆಂಡಿನಲ್ಲಿ ಕೆಲವರು ಅಲ್ಲಿಂದಿಲ್ಲಿಂದ ಹಳೆಯ ತುಂಡುಗಳನ್ನು ಆಯ್ದು ಹೊಸದಾಗಿ ಹೊಲಿದದ್ದು ಎಂದು ಪ್ರೊಫೆಸರು ತಣ್ಣಗೆ ಬರೆದಿದ್ದರು. ಹೊಸದಾದರೆ ಅವಮಾನವೇನಿಲ್ಲವಂತೆ, ಹೊಸದೆಂದು ಒಪ್ಪಿಕೊಂಡರೆ ಸಾಕಂತೆ. ಯಾವುದು ಗೊತ್ತಿರುವುದು, ಯಾವುದು ಬರೀ ಊಹೆ ಎಂದು ಪುಟಪುಟದಲ್ಲೂ ಬೇರೆ ಮಾಡಿ ಹೇಳುತ್ತಿದ್ದರು. ಹಿಂದೆ ಮಾಟಗಾತಿ ಎಂದು ಹಿಡಿದು ಕೊಂದ ಹೆಂಗಸರ ಬಗ್ಗೆಯೂ ಇತ್ತು. ಅವರಲ್ಲಿ ಹೆಚ್ಚಿನವರು ನೆರೆಮನೆಯವರ ಜೊತೆ ಆಗದೆ ಹೋದ ಸಾಮಾನ್ಯ ಹೆಂಗಸರು. ಆ ಅಧ್ಯಾಯದಿಂದ ಮುಂದಕ್ಕೆ ನಾನು ಎರಡು ದಿನ ಓದಲಿಲ್ಲ.

ಮೂರನೆಯದು ಮತ್ತೆ ಆನ್‌ಲೈನು, ಆದರೆ ಈ ಸಲ ಹುಷಾರಾಗಿ. ಬರೆದವರು ಯಾರು, ಎಷ್ಟು ವರ್ಷದಿಂದ ಆ ದಾರಿಯಲ್ಲಿದ್ದಾರೆ, ಯಾರಿಂದ ಕಲಿತರು ಎಂದು ನೋಡಿ ನೋಡಿ, ಯಾರೋ ಓದಿ ಮಾರಿದ ತೆಳ್ಳನೆಯ ಪುಸ್ತಕ ಆರಿಸಿದೆ. ಮೂವತ್ತು ವರ್ಷದಿಂದ ತರಕಾರಿ ಬೆಳೆದುಕೊಂಡು ಈ ಪೂಜೆ ಮಾಡುತ್ತಿರುವ ಹೆಂಗಸು ಬರೆದದ್ದು. ಒಳಗೆ ಟೀ ಕಲೆ. ನನ್ನ ಮರಗಳನ್ನು ನಿಮ್ಮೂರಲ್ಲಿ ಹುಡುಕಬೇಡಿ, ನಿಮ್ಮ ಹಿತ್ತಿಲಲ್ಲಿ ಏನಿದೆಯೋ ಅದನ್ನು ಕಲಿಯಿರಿ ಎಂದಿದ್ದಳು. ಪೂಜೆಗೆ ಬೇರೆ ಕತ್ತಿ, ಬಟ್ಟಲು ಎಂದು ದುಡ್ಡು ಸುರಿಯಬೇಡಿ, ಅಡುಗೆಮನೆಯ ಪಾತ್ರೆ ಸಾಕು ಎಂದಿದ್ದಳು. ಅವರಿಗೆ ವರ್ಷಕ್ಕೆ ಎಂಟು ಹಬ್ಬ. ಅದರಲ್ಲೊಂದು ತೀರಿಕೊಂಡವರನ್ನು ಕರೆದು ಊಟ ಇಡುವ ಹಬ್ಬ. ಅದನ್ನು ಓದಿ, ಅರೆ, ಮೊನ್ನೆ ತಾನೇ ಮಹಾಲಯ ಅಮಾವಾಸ್ಯೆಗೆ ಮಾವನಿಗೆ ಎಡೆ ಇಡಲು ನಾನೇ ಒಂದು ಬಾಂಡಲಿ ವಡೆ ಕರಿದೆನಲ್ಲ ಎಂದು ಬಸ್ಸಿನಲ್ಲೇ ಒಬ್ಬಳೇ ನಕ್ಕೆ. ಪಕ್ಕದಲ್ಲಿದ್ದ ಹೂವಿನ ಅಜ್ಜಿ ಸ್ವಲ್ಪ ಆಚೆ ಸರಿದು ಕೂತರು. ಪೊರಕೆಗೂ ಆ ಪುಸ್ತಕದಲ್ಲಿ ಮರ್ಯಾದೆಯಿತ್ತು. ಪೊರಕೆ ತುಳಿದೆನೆಂದು ಅತ್ತೆ ಹಸುವಿನ ಮುಂದೆ ನನ್ನ ಮಾನ ತೆಗೆದದ್ದು ನೆನಪಾಯಿತು. ಅತ್ತೆ ಮಾಡಿದರೆ ಮೂಢನಂಬಿಕೆ, ಇಂಗ್ಲಿಷಿನವಳು ಮಾಡಿದರೆ ಅಧ್ಯಯನ. ಎಂಥಾ ಪೆದ್ದಿ ನಾನು!

ಇನ್ನೊಂದು ಮಾತೂ ಅದರಲ್ಲಿತ್ತು: ಒಬ್ಬರಿಗೆ ತಿಳಿಸದೆ, ಅವರ ಒಪ್ಪಿಗೆಯಿಲ್ಲದೆ ಅವರ ಮೇಲೆ ಯಾವ ವಿಧಿಯನ್ನೂ ಮಾಡಕೂಡದು. ಓದಿದ್ದೇ ಮಂಚದ ಕೆಳಗಿನ ಸೀಸೆ ಕಣ್ಣ ಮುಂದೆ ಬಂತು. ಶನಿವಾರ ಕೋಲಾರಕ್ಕೆ ಹೋಗುವ ಕೆಲಸವಿತ್ತು. ದಾರಿಯಲ್ಲಿ ದೇವರಾಯಸಮುದ್ರದ ಕೆರೆಗೆ ಎಸೆದುಬಿಡೋಣ ಎಂದು ಬ್ಯಾಗಿನಲ್ಲಿ ಹಾಕಿಕೊಂಡು ಹೊರಟೆ. ಕೆರೆ ಬಂದಾಗ ಕೈ ಏಳಲಿಲ್ಲ. ಅತ್ತೆಯ ಹೆಸರನ್ನು ನೀರಿಗೆ ಹಾಕುವುದೇ? ಛೆ! ಕೋಲಾರ ನೋಡಿಕೊಂಡು ಸೀಸೆ ವಾಪಸ್ ಮಂಚದ ಕೆಳಗೆ ಬಂತು. ವಿಜ್ಞಾನ ಸಾಕು ಎಂದವಳ ಕಥೆ ನೋಡಿ.

ಪುಸ್ತಕಗಳನ್ನು ಮುಚ್ಚಿಡಲು ಒಂದು ಉಪಾಯ ಮಾಡಿದ್ದೆ. ನಮ್ಮಲ್ಲಿ ಹಳೇ ಕ್ಯಾಲೆಂಡರಿನ ಹಾಳೆಯಿಂದ ಪುಸ್ತಕಕ್ಕೆ ಬೈಂಡ್ ಹಾಕುವುದುಂಟು, ಬಿಳಿ ಮಗ್ಗುಲು ಹೊರಗೆ. ನಾನು ಬುದ್ಧಿವಂತಿಕೆಯಿಂದ ಚಿತ್ರವನ್ನೇ ಹೊರಗೆ ಹಾಕಿದೆ. ಬೆಕ್ಕಿನ ಮೇಲೆ ಕೋಲಾರಮ್ಮ, ಪ್ರೊಫೆಸರ ಮೇಲೆ ಆಂಜನೇಯ, ತರಕಾರಿಯವಳ ಮೇಲೆ ಲಕ್ಷ್ಮಿ. ಯಾರಾದರೂ ನೋಡಿದರೆ ದೇವರ ಪುಸ್ತಕ ಎಂದುಕೊಂಡು ಸುಮ್ಮನಾಗಲಿ ಎಂದು. ಮೂರನ್ನೂ ಟ್ರಂಕಿನ ಹಿಂದೆ, ಸೀಸೆಯ ಮುಂದೆ ಜೋಡಿಸಿದೆ.

ದಸರಾ ರಜೆ ಬಂತು. ಆಯುಧಪೂಜೆಯ ಬೆಳಿಗ್ಗೆ ನಾನೂ ಇವರೂ ಹೊರಗೆ ಟಿಲ್ಲರು, ಸ್ಕೂಟರು ತೊಳೆಯುತ್ತಿದ್ದೆವು. ಒಳಗೆ ಅತ್ತೆ ಮನೆ ಗುಡಿಸುತ್ತಿದ್ದರು. ನಾನು ಕೈ ಒರೆಸಿಕೊಂಡು ಒಳಗೆ ಬಂದರೆ, ದೇವರ ಮುಂದಿನ ಮಣೆಯ ಮೇಲೆ ಕುಡುಗೋಲು, ಮಚ್ಚು, ಹಾರೆ, ಔಷಧಿ ಹೊಡೆಯುವ ಕ್ಯಾನು, ನನ್ನ ಕೆಂಪು ಪೆನ್ನುಗಳು. ನಡುವೆ ನನ್ನ ಮೂರು ಪುಸ್ತಕ! ಒಂದೊಂದರ ಮೇಲೂ ಮೂರು ಬೆರಳಿನ ವಿಭೂತಿ, ಕುಂಕುಮ, ಒಂದೊಂದು ಚೆಂಡು ಹೂವು.

"ಲೇ," ಎಂದರು ಅತ್ತೆ ಮಗನಿಗೆ, "ನಿನ್ನೆಂಡ್ತಿಗೆ ಹೇಳು. ದೇವರನ್ನ ಮಂಚದ ಕೆಳಗಿಟ್ಕೊಂಡು ಯಾರಾದ್ರೂ ಮಲಗ್ತಾರಾ? ಒಂದಲ್ಲ, ಮೂರು ಮೂರು ದೇವರು!"

"ಹೌದೇನೇ?" ಎಂದರು ಇವರು ಗಾಬರಿಯಿಂದ.

ಅತ್ತೆ ಗಂಟೆ ಬಾರಿಸುತ್ತಾ ಮಂಗಳಾರತಿ ಎತ್ತಿದರು. ಕೋಲಾರಮ್ಮನ ಕೆಳಗೆ ಹಸಿರು ಕಣ್ಣಿನ ಬೆಕ್ಕು, ಅದಕ್ಕೆ ಭಕ್ತಿಯಿಂದ ಆರತಿ. ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಭುಜ ಕುಲುಕುತ್ತಿತ್ತು, ಕಣ್ಣಲ್ಲಿ ನೀರು. ಇವರು ಅದನ್ನು ಭಕ್ತಿ ಎಂದುಕೊಂಡು ನನ್ನ ತಲೆ ಸವರಿದರು. ಆಗ ಹೊಳೆಯಿತು. ಪುಸ್ತಕಗಳ ಹಿಂದೆ ಸೀಸೆಯಿತ್ತಲ್ಲ?

ಹಿತ್ತಿಲಿಗೆ ಓಡಿದೆ. ಮನೆಯಿಂದ ದೂರದಲ್ಲಿ, ಕಾಂಪೌಂಡಿನ ಮೂಲೆಯ ಕಲ್ಲಿನ ಮೇಲೆ ನನ್ನ ಜೇನುತುಪ್ಪದ ಸೀಸೆ. ಸುತ್ತ ಬೇವಿನ ಸೊಪ್ಪು, ಮುಚ್ಚಳದ ಮೇಲೆ ಕುಂಕುಮ ಸವರಿದ ನಿಂಬೆಹಣ್ಣು. ಒಳಗೆ ಚೀಟಿ ಬಿಚ್ಚಿಕೊಂಡು, ಅತ್ತೆಯ ಹೆಸರು ಜೇನಿನಲ್ಲಿ ಇನ್ನೂ ದುಂಡಗೆ ಕಾಣುತ್ತಿತ್ತು. ಅವರು ನಾಲ್ಕನೇ ಕ್ಲಾಸಿನವರೆಗೆ ಓದಿದವರು. ಚೀಟಿಯನ್ನೂ ಓದಿದ್ದಾರೆ.

ಪೂಜೆಗಿಟ್ಟದ್ದನ್ನು ಮಾರನೆಯ ದಿನದವರೆಗೆ ಮುಟ್ಟುವ ಹಾಗಿಲ್ಲ. ಮುಟ್ಟಿದರೂ ಏನು ಮಾಡುವುದು? ಆ ದಿನವಿಡೀ ಅತ್ತೆ ಎಂದಿನಂತೆ ಹೋಳಿಗೆ ಬಡಿಸಿದರು, ತುಪ್ಪ ಹಾಕಿದರು, ಮುಖ ಮಾತ್ರ ನೋಡಲಿಲ್ಲ. ಸಂಜೆ ಹಾಲು ಕರೆಯುತ್ತಾ ಹಸುವಿನ ಕಿವಿಯ ಹತ್ತಿರ ಬಗ್ಗಿ ತೆಲುಗಿನಲ್ಲಿ ಪಿಸುಗುಟ್ಟಿದರು. ಮಾಲೂರಿನವಳಾದ ನನಗೆ ತೆಲುಗು ಅಷ್ಟಕ್ಕಷ್ಟೇ. ಎಂಟು ತಿಂಗಳಲ್ಲಿ ಮೊದಲ ಸಲ, ಹಸುವಿಗೆ ಹೇಳಿದ ಮಾತು ನನಗೆ ಕೇಳಬಾರದು ಎಂದು ಅವರಿಗೆ ಅನ್ನಿಸಿತ್ತು. ಅದರಿಂದ ನನಗೆ ಬೈಗುಳಕ್ಕಿಂತ ಜಾಸ್ತಿ ನೋವಾಯಿತು. ಸೊಸೆ ತನಗೆ ಮಾಟ ಮಾಡಿಸಿದಳು ಎಂದು ಅವರ ಮನಸ್ಸಿನಲ್ಲಿ ಕೂತುಬಿಟ್ಟರೆ ಈ ಜನ್ಮಕ್ಕೆ ಇನ್ನು ಮಾತಿಲ್ಲ.

ವಿಜಯದಶಮಿಯ ಬೆಳಿಗ್ಗೆ ಇವರು ಸ್ಕೂಟರು ತೆಗೆದುಕೊಂಡು ಶ್ರೀನಿವಾಸಪುರದ ನಾದಿನಿಯ ಮನೆಗೆ ಹೊರಟರು. ಮನೆಯಲ್ಲಿ ನಾನು, ಅತ್ತೆ, ಹಸು. ಅತ್ತೆ ಕೊಟ್ಟಿಗೆಯಲ್ಲಿ ಬಿಂದಿಗೆ ಹಿಡಿದು ಕೂತಿದ್ದರು. ನಾನು ಹೋಗಿ ಹಸುವಿನ ಇನ್ನೊಂದು ಮಗ್ಗುಲಲ್ಲಿ ಕುಕ್ಕರಗಾಲಿನಲ್ಲಿ ಕೂತೆ. ಹಸುವಿನ ಹೊಟ್ಟೆಯ ಕೆಳಗೆ ಅವರ ಕೈ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಅವರ ದಾರಿಯನ್ನೇ ಹಿಡಿದೆ.

"ಹಸೂ," ಎಂದೆ. "ಅತ್ತೆಗೆ ಹೇಳು. ಆ ಸೀಸೆ ಇಟ್ಟಿದ್ದು ನಾನೇ. ಕೆಟ್ಟದ್ದಕ್ಕಲ್ಲ."

ಹಾಲಿನ ಸದ್ದು ನಿಂತಿತು. ಆ ಕಡೆಯಿಂದ ದನಿ ಬಂತು. "ಮತ್ಯಾತಕ್ಕಂತೆ ಕೇಳಮ್ಮಾ."

"ಅತ್ತೆ ನನ್ನ ಜೊತೆ ಮಾತಾಡ್ಲಿ ಅಂತ. ಹೆಸರು ಬರೆದು ಜೇನುತುಪ್ಪದಲ್ಲಿ ಇಟ್ರೆ ಮನಸ್ಸು ಸಿಹಿ ಆಗುತ್ತೆ ಅಂತ ಪುಸ್ತಕದಲ್ಲಿತ್ತು. ಅವತ್ತು ಬಾಗಿಲಲ್ಲಿ ನಾನು ಅಂದಿದ್ದು ತಪ್ಪು. ಅದನ್ನ ಹೇಳಕ್ಕೆ ಧೈರ್ಯ ಇರಲಿಲ್ಲ, ಅದಕ್ಕೆ ಈ ಕಳ್ಳಾಟ ಆಡ್ದೆ. ಹ್ಯಾಗಾದ್ರೂ ಹೇಳು ಹಸೂ."

ಹಸು ಬಾಲದಿಂದ ನನ್ನ ಕೆನ್ನೆಗೆ ಒಂದು ಬಾರಿಸಿತು.

"ಜೇನು ಎಲ್ಲೀದಂತೆ?" ಎಂದರು ಅತ್ತೆ.

"ಮುಳಬಾಗಿಲ ಅಂಗಡೀದು."

"ಅದಕ್ಕೇ ಮತ್ತೆ! ಅಂಗಡಿ ಜೇನೂ ಒಂದು ಜೇನಾ? ಬರೀ ಬೆಲ್ಲದ ಪಾಕ. ಅದಕ್ಕೆ ನನ್ನೆಸರು ಹಾಕಿದ್ರೆ ಇರುವೆ ಬರ್ತವೆ, ನಾನು ಬರ್ತೀನಾ ಅಂತ ಕೇಳು!"

ನನಗೆ ನಗು ಬಂತು, ಅಳುವೂ ಬಂತು, ಎರಡಕ್ಕೂ ಸೇರಿಸಿ ಸಗಣಿಯ ಮೇಲೆ ಕೂತುಬಿಟ್ಟೆ. ಅತ್ತೆಯ ಬಿಂದಿಗೆ ಅಲುಗಾಡುತ್ತಿತ್ತು. ಅವರೂ ನಗುತ್ತಿದ್ದಾರೆ ಎಂದು ಅದರಿಂದ ಗೊತ್ತಾಯಿತು. "ಅದ್ಯಾವ ಪುಸ್ತಕವೋ ತಂದು ಓದ್ಲಿ, ಕೇಳಾನ," ಎಂದು ಹಸುವಿಗೆ ಹೇಳಿ ಎದ್ದರು.

ಮರುಪೂಜೆ ಮುಗಿಸಿ, ಮಧ್ಯಾಹ್ನ ಜಗಲಿಯ ಮೇಲೆ ಅತ್ತೆ ಕಡಲೆಕಾಯಿ ಬಿಡಿಸುತ್ತಾ ಕೂತರು. ನಾನು ಕ್ಯಾಲೆಂಡರಿನ ಬೈಂಡು ಬಿಚ್ಚಿ ಮೂರೂ ಪುಸ್ತಕ ಮುಂದಿಟ್ಟೆ. ಬೆಕ್ಕನ್ನು ಕಂಡು ಅವರು, "ಅಯ್ಯೋ ರಾಮಾ, ಇದಕ್ಕಾ ನಾನು ಆರತಿ ಎತ್ತಿದ್ದು?" ಎಂದು ಕೆನ್ನೆ ಬಡಿದುಕೊಂಡರು. ನಾನು ಒಂದೊಂದು ಪುಟವನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ಅವರು ಎದುರಿನ ಗೂಟಕ್ಕೆ ಕಟ್ಟಿದ್ದ ಹಸುವಿನ ಕಡೆ ನೋಡುತ್ತಾ ಕೇಳಿದ್ದು ಒಂದೇ ಪ್ರಶ್ನೆ.

"ಮಾಡಿದ್ದು ಕೆಲಸಕ್ಕೆ ಬರದಿದ್ರೆ ಏನ್ಮಾಡ್ಬೇಕು ಅಂತ ಬರ್ದವ್ಳಾ?"

ಬೆಕ್ಕಿನ ಪುಸ್ತಕವನ್ನು ಹಿಂದುಮುಂದು ತಿರುವಿದೆ. "ನಂಬಿಕೆ ಸಾಲದಿದ್ರೆ ಫಲ ಸಿಗಲ್ಲ ಅಂತ ಬರೆದಿದ್ದಾಳೆ."

"ಅಂದ್ರೆ ಕಾಸು ಅವಳಿಗೆ, ತಪ್ಪು ನಂಗೆ. ಚೆನ್ನಾಗವ್ಳೆ! ಪಕ್ಕಕ್ಕಿಡ್ಲಿ."

ಪ್ರೊಫೆಸರ ಪುಸ್ತಕಕ್ಕೆ, "ಇವ್ರು ಮಾಡೋರಲ್ಲ, ನೋಡೋರು. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂತಾರೆ. ಇರ್ಲಿ," ಎಂದರು. ಕೊಂದ ಹೆಂಗಸರ ಅಧ್ಯಾಯ ಹೇಳುವಾಗ ಅವರ ಕೈ ಒಂದು ಸಲ ನಿಂತಿತು. ಯಾತಕ್ಕೆ ಕೊಂದರಂತೆ ಎಂದು ಕೇಳಿದರು. ಯಾರದೋ ಮಗು ಸತ್ತರೆ, ಯಾರದೋ ಹಸುವಿನ ಹಾಲು ಬತ್ತಿದರೆ ಇವಳೇ ಮಾಡಿದಳು ಎಂದು ಕೊಂದರು ಎಂದೆ. "ಊಂ," ಎಂದು ಒಂದು ಹಿಡಿ ಕಾಯಿ ಎತ್ತಿಕೊಂಡರು.

ತರಕಾರಿಯವಳ ಪುಸ್ತಕದಲ್ಲಿ ಆ ಪ್ರಶ್ನೆಗೆ ಒಂದು ಪುಟವೇ ಇತ್ತು. ಜ್ವರ, ನೋವು, ರಕ್ತ ಎಂದರೆ ಮೊದಲು ಡಾಕ್ಟರು, ಆಮೇಲೆ ನನ್ನ ಎಲೆ. ನನ್ನಿಂದ ಆಗದಿದ್ದರೆ ಆಗಲಿಲ್ಲ ಎಂದು ಬಾಯಿಬಿಟ್ಟು ಹೇಳಬೇಕು ಎಂದಿದ್ದಳು.

"ಇನ್ನೊಂದ್ಸಲ ಓದ್ಲಿ."

ಓದಿದೆ. ಅತ್ತೆ ಕಡಲೆಕಾಯಿಯ ರಾಶಿಯನ್ನೇ ನೋಡುತ್ತಾ ಹೇಳಿದರು. ಇಪ್ಪತ್ತು ವರ್ಷದ ಹಿಂದೆ ಹಿಂದಿನ ಬೀದಿಯ ಒಂದು ಕೂಸಿಗೆ ಜ್ವರ. ಮೂರು ದಿನ ಅತ್ತೆಯೇ ಉಪ್ಪು ನಿವಾಳಿಸಿದರು. ನಾಲ್ಕನೆಯ ದಿನ ಕೂಸು ಕಣ್ಣು ಮೇಲೆ ಮಾಡಿದಾಗ ತಾವೇ ಎತ್ತಿಕೊಂಡು ಕೋಲಾರದ ಆಸ್ಪತ್ರೆಗೆ ಓಡಿದರು. "ಜೀವ ಉಳೀತು, ಎಡಗಿವಿ ಹೋಯ್ತು. ಯಾರೂ ನನ್ನ ಏನೂ ಅನ್ಲಿಲ್ಲ. ಮೂರು ದಿನ ತಡ ಮಾಡಿದ್ದು ಯಾರು ಅಂತ ನಂಗೊತ್ತಲ್ಲ."

ಆ ಕೂಸು ಈಗ ಹಾಲಿನ ಕ್ಯಾನು ಸಾಗಿಸುವ ಗಂಡಸು. ಅವನ ಜೊತೆ ಮಾತಾಡುವಾಗ ಅತ್ತೆ ಯಾವಾಗಲೂ ಸುತ್ತಿ ಅವನ ಬಲಗಡೆಗೆ ಹೋಗಿ ನಿಲ್ಲುವುದನ್ನು ನಾನು ನೋಡಿದ್ದೆ, ಯಾಕೆಂದು ಕೇಳಿರಲಿಲ್ಲ. ದೃಷ್ಟಿಗೆಂದು ಬಂದವರನ್ನೆಲ್ಲ ಮೊದಲು "ಡಾಕ್ಟ್ರಿಗೆ ತೋರಿಸಿದ್ರಾ?" ಎಂದು ಗದರುವುದೂ ಮುಚ್ಚಿದ ಕಿಟಕಿಯಿಂದ ಎಷ್ಟೋ ಸಲ ಕಿವಿಗೆ ಬಿದ್ದಿತ್ತು. ಇವತ್ತಿಗೂ ಇಂಥ ಯಾವ ಪುಸ್ತಕ ಕೈಗೆ ಸಿಕ್ಕರೂ ನಾನು ಮೊದಲು ಅತ್ತೆಯ ಆ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತೇನೆ. ಇಲ್ಲದಿದ್ದರೆ ಕೊಳ್ಳುವುದಿಲ್ಲ.

"ವಿಜ್ಞಾನ ಬೇಡ ಅಂತ ನಾನೆಲ್ಲಿ ಅಂದೆ?" ಎಂದರು ಅತ್ತೆ, ಈಗ ಹಸುವನ್ನೂ ನೋಡದೆ. "ಮನೆಗೆ ಬಂದ ಹೆಣ್ಣಿಗೆ ನನ್ನ ಕೈಯಾರೆ ನಿವಾಳಿಸ್ಬೇಕು ಅಂತ ಆಸೆ ಇತ್ತು. ಅಷ್ಟೇ."

"ಅತ್ತೆ, ಈಗ ತೆಗೀರಿ," ಎಂದೆ.

ಅವರು ಎದ್ದು ಒಳಗೆ ಹೋದರು. ಬರುವುದಿಲ್ಲವೇನೋ ಎಂದುಕೊಳ್ಳುವಷ್ಟರಲ್ಲಿ ಒಲೆಯಲ್ಲಿ ಕೆಂಡ ಕೆದಕುವ ಸದ್ದು ಕೇಳಿಸಿತು. ಮಣೆ ಹಾಕಿ, ಮೂಡಲ ದಿಕ್ಕಿಗೆ ಮುಖ ಮಾಡಿ ಕೂರು ಎಂದು ಕೈಯಲ್ಲೇ ತೋರಿಸಿದರು. ಅಷ್ಟರಲ್ಲಿ ಇವರೂ ಶ್ರೀನಿವಾಸಪುರದಿಂದ ಬಂದು, ಏನು ನಡೆಯುತ್ತಿದೆ ಎಂದು ತಿಳಿಯದೆ ಬಾಗಿಲಲ್ಲಿ ನಿಂತರು. ಅತ್ತೆ ಮುಷ್ಟಿ ಬಿಗಿಹಿಡಿದು ನನ್ನ ತಲೆಯಿಂದ ಕಾಲಿನವರೆಗೆ ಇಳಿಸಿದರು. ಬಂದವರ ಕಣ್ಣು, ಹೋದವರ ಕಣ್ಣು, ಬೀದಿ ಕಣ್ಣು, ನೆಂಟರ ಕಣ್ಣು ಎಂದು ಒಂದೊಂದೇ ಹೆಸರು ಹೇಳುತ್ತಾ ಮೂರು ಸುತ್ತು ಹಾಕಿದರು. ಕೊನೆಗೆ ಒಂದು ಗಳಿಗೆ ತಡೆದು, "ಮನೆಯೋರ ಕಣ್ಣು," ಎಂದರು. ದನಿ ಸಣ್ಣದಾಗಿತ್ತು.

ಮುಷ್ಟಿಯಲ್ಲಿದ್ದದ್ದು ಒಲೆಗೆ ಬಿತ್ತು. ದೃಷ್ಟಿಯಾಗಿದ್ದರೆ ಎಷ್ಟು ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ ಎನ್ನುವುದು ಅವರ ನಂಬಿಕೆ. ಸಾಸಿವೆ ಚಟಪಟ ಎಂದಿತು. ಅತ್ತೆ ಒಲೆಯ ಮುಂದೆ ಬಗ್ಗಿ ನಿಂತಿದ್ದರು. ಆ ಮುಖದಲ್ಲಿ ಅಂಥ ಹೆದರಿಕೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಆಮೇಲೆ ಬಂತು ನೋಡಿ! ಮೂಗು, ಕಣ್ಣು, ಗಂಟಲು ಎಲ್ಲ ಒಟ್ಟಿಗೆ ಹತ್ತಿ ಉರಿಯಿತು. ಇವರು ಕೆಮ್ಮುತ್ತಾ ಬೀದಿಗೆ ಓಡಿದರು. ಅತ್ತೆ ಎರಡೂ ಕೈಯಲ್ಲಿ ನನ್ನ ಭುಜ ಹಿಡಿದು ಅಲ್ಲಾಡಿಸಿದರು. "ಬಂತು! ಘಾಟು ಬಂತು! ಲೇ, ನಿಂಗೇನೂ ಆಗಿಲ್ಲ ಕಣೇ! ಎಂಟು ತಿಂಗಳು ಸಿಟ್ಟಲ್ಲಿ ನೋಡಿದ್ನಲ್ಲ, ನನ್ನ ಕಣ್ಣೇ ಬಿದ್ದಿರ್ತದೇನೋ ಅಂತ ದಿನಾ ಸಾಯ್ತಿದ್ದೆ ಕಣೇ!"

"ಅದು... ವಿಜ್ಞಾನ... ಅತ್ತೆ," ಎಂದೆ ಕೆಮ್ಮುತ್ತಾ.

"ಬಾಯ್ಮುಚ್ಕೊಂಡು ಕೆಮ್ಮೇ!" ಎಂದರು.

ಸಂಜೆ ಹಾಲು ಕರೆಯುವಾಗ ನಾನೂ ಪಕ್ಕದಲ್ಲಿ ಕೂತೆ. ಅತ್ತೆ ಎಂಟು ತಿಂಗಳು ಕೂಡಿಟ್ಟಿದ್ದನ್ನೆಲ್ಲ ಒಂದೇ ಉಸಿರಿಗೆ ಶುರು ಮಾಡಿದರು. ಸಾರಿನ ಉಪ್ಪು, ನನ್ನ ಹಸಿರು ಸೀರೆಯ ಬಣ್ಣ ಹೋಗುವುದು, ಮಾವಿನ ತೋಪಿನಲ್ಲಿ ನಿಜವಾದ ಜೇನು ಕಟ್ಟಿರುವುದು, "ಲೇ" ಎಂದು ಮಾತು ಮಾತಿಗೂ. ನಾನು ಊಂ ಎನ್ನಲೂ ಬಿಡಲಿಲ್ಲ. ಹಸು ಎರಡು ಸಲ ಕತ್ತು ತಿರುಗಿಸಿ ನಮ್ಮನ್ನು ನೋಡಿತು. ಪಾಪ, ಅವತ್ತು ಅದಕ್ಕೆ ಯಾರೂ ಏನೂ ಹೇಳಲಿಲ್ಲ.